ಊಹೆಯ ಕೂಪನ್ ಮತ್ತು ಹುಡುಗರ ಚೆಂಡು



ನಮ್ಮ ಪ್ರದೇಶದ ಹುಡುಗರ ಫುಟ್‌ಬಾಲ್ ಕ್ಲಬ್ಬೊಂದರಿಂದ ಸಂಘದ ಆಡಳಿತ ಮಂಡಳಿಗೆ ಒಂದು ಅರ್ಜಿ ಬಂದಿದೆ. ವಿಶ್ವಕಪ್ ಪಂದ್ಯಾಟದ ಫಲಿತಾಂಶಗಳನ್ನು ಮುಂಚಿತವಾಗಿ ಊಹಿಸುವ ಸ್ಪರ್ಧೆಯೊಂದನ್ನು ಏರ್ಪಡಿಸುವುದು, ಕೂಪನ್ ಒಂದಕ್ಕೆ 20 ರೂಪಾಯಿಯಂತೆ ಮಾರುವುದು, ಹೆಚ್ಚು ಸರಿಯುತ್ತರ ಬರೆದವರಿಗೆ ನಗದು ಬಹುಮಾನ ಕೊಟ್ಟು ಉಳಿದ ಹಣದಲ್ಲಿ ಹುಡುಗರಿಗೆ ಚೆಂಡು, ಬೂಟು, ಗೋಲಿನ ಬಲೆ ಕೊಳ್ಳುವುದು ಅವರ ಯೋಜನೆ. ಕೂಪನುಗಳನ್ನು ನಮ್ಮ ಖರೀದಿ ಕೇಂದ್ರದಲ್ಲಿಟ್ಟು ಮಾರಿಸಬೇಕು, ಒಪ್ಪಿದ ಸದಸ್ಯರ ಅಡಿಕೆ ಬಿಲ್ಲಿನಿಂದಲೇ ಹಣ ಮುರಿದು ಕೊಡಬೇಕು ಎಂಬುದು ಸಂಘದಲ್ಲಿ ಅವರ ಬೇಡಿಕೆ.

ಮಂಡಳಿಯಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ. "ಹುಡುಗರ ಒಳ್ಳೆಯ ಕೆಲಸ, 20 ರೂಪಾಯಿ ಯಾರಿಗೆ ಭಾರ?" ಎನ್ನುವವರಿದ್ದಾರೆ. "ಸಂಘದ ಕಟ್ಟೆಯಲ್ಲಿ ಜೂಜಿನ ಚೀಟಿಯೇ?" ಎನ್ನುವವರೂ ಇದ್ದಾರೆ. ತೀರ್ಮಾನ ಮುಂದಿನ ಸಭೆಗೆ ಬಿಟ್ಟದ್ದು. ಅದಕ್ಕೆ ಮೊದಲು ನಮ್ಮ ವಿಚಾರವನ್ನು ಸದಸ್ಯರ ಮುಂದಿಡುವುದು ಯುಕ್ತವೆಂದು ಭಾವಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಹುಡುಗರ ಕೊರತೆ ನಿಜವಾದದ್ದು

ಮೊದಲು ಒಪ್ಪಬೇಕಾದ ಮಾತನ್ನು ಒಪ್ಪಿಬಿಡೋಣ. ನಮ್ಮ ಮೂರು ತಾಲೂಕುಗಳಲ್ಲಿ ಕಬಡ್ಡಿಗೆ, ವಾಲಿಬಾಲಿಗೆ, ಕ್ರಿಕೆಟಿಗೆ ದಾನಿಗಳು ಸಿಗುತ್ತಾರೆ. ರಾತ್ರಿ ದೀಪ ಹಾಕಿ ಪಂದ್ಯಾಟ ನಡೆಸಿದರೆ ಜನ ಸೇರುತ್ತಾರೆ, ಫಲಕಗಳನ್ನು ಕೊಡುವವರೂ ಇರುತ್ತಾರೆ. ಫುಟ್‌ಬಾಲಿಗೆ ಆ ಭಾಗ್ಯ ಕಡಿಮೆ. ಗುಡ್ಡೆ ತಟ್ಟು ಮಾಡಿದ ಮುರಕಲ್ಲಿನ ನೆಲದಲ್ಲಿ, ಎರಡು ಅಡಿಕೆ ಮರದ ಕಂಬ ನೆಟ್ಟು ಮೇಲೊಂದು ಅಡ್ಡ ಕಟ್ಟಿ ಗೋಲು ಮಾಡಿಕೊಂಡು ಆಡುವ ಹುಡುಗರು ಇವರು. ಆ ನೆಲದಲ್ಲಿ ಚೆಂಡು ಎಷ್ಟು ದಿನ ಬಾಳೀತು, ಬರಿಗಾಲು ಎಷ್ಟು ದಿನ ತಡೆದೀತು ಎಂಬುದನ್ನು ಹೇಳಬೇಕಾಗಿಲ್ಲ. ಮಂಗಳೂರಿನ ನೆಹರೂ ಮೈದಾನಕ್ಕೆ ಪಂದ್ಯಕ್ಕೆ ಹೋಗಬೇಕೆಂದರೆ ಬಸ್ಸಿನ ಖರ್ಚೇ ಮನೆಯವರಿಗೆ ತಲೆನೋವು.

ಫುಟ್‌ಬಾಲ್ ನಮ್ಮದಲ್ಲದ ಆಟವೆಂದು ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ರಾಜ್ಯ ಮೈಸೂರು ಎಂಬ ಹೆಸರಿನಲ್ಲಿದ್ದಾಗಲೇ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು, ಕೊನೆಯದ್ದು 1968–69ರಲ್ಲಿ. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ತಂದಿತು. ಗಡಿಯಾಚೆಯ ಕಾಸರಗೋಡು ಸೀಮೆಯಲ್ಲಂತೂ ಈ ಆಟ ಮನೆಮಾತು. ಅಲ್ಲಿ ಸಾಧ್ಯವಾದದ್ದು ನೇತ್ರಾವತಿಯ ಈ ಕಡೆ ಆಗಬಾರದೆಂದೇನಿಲ್ಲ. ಆದುದರಿಂದ ಹುಡುಗರಿಗೆ ಸಹಾಯ ಮಾಡಬೇಕೇ ಬೇಡವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಯಾವ ದಾರಿಯಿಂದ ಎಂಬುದು ಪ್ರಶ್ನೆ.

ಊಹಿಸುವುದು ತಪ್ಪೇ?

ಊಹಿಸುವುದರಲ್ಲಿ ತಪ್ಪೇನೂ ಇಲ್ಲ. ಅಡಿಕೆ ಬೆಳೆಗಾರನಷ್ಟು ಊಹೆಯಲ್ಲಿ ಪಳಗಿದವನು ಇನ್ನೊಬ್ಬನಿಲ್ಲ. ಹೊಸ ಅಡಿಕೆ ಈಗಲೇ ಕೊಡುವುದೋ, ಹಳೆಯದಾಗುವ ತನಕ ಅಟ್ಟದಲ್ಲಿಡುವುದೋ. ಮೊದಲ ಮದ್ದು ಮಳೆಗೆ ಮುಂಚೆ ಬಿಡುವುದೋ, ಒಂದು ಬಿಸಿಲಿಗೆ ಕಾಯುವುದೋ. ತೋಟದ ನಡುವೆ ಕಾಫಿ ನೆಡುವುದೋ, ಕಾಳುಮೆಣಸನ್ನೇ ನೆಚ್ಚುವುದೋ ಎಂದು ವರ್ಷವಿಡೀ ನಾವು ಮಾಡುವುದು ಅದನ್ನೇ.

ಆಟದ ಊಹೆಗೆ ತನ್ನದೇ ಆದ ಸೊಗಸೂ ಇದೆ. 2022ರ ನವೆಂಬರ್ 22ರಂದು ಸೌದಿ ಅರೇಬಿಯಾ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದಾಗ ಲೋಕದ ಪಂಡಿತರ ಲೆಕ್ಕವೆಲ್ಲ ತಲೆಕೆಳಗಾಯಿತು. ಅದೇ ಅರ್ಜೆಂಟೀನಾ ಡಿಸೆಂಬರ್ 18ರಂದು ಫ್ರಾನ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿತು. ಮೊದಲ ದಿನ ಸೋತ ಊಹೆಗಾರ ಕೊನೆಯ ದಿನ ನಗುತ್ತಿದ್ದ. ಫುಟ್‌ಬಾಲನ್ನೇ ನೋಡದ ಅಜ್ಜ ಮೊಮ್ಮಗನ ಪಕ್ಕದಲ್ಲಿ ಕುಳಿತು "ನಮ್ಮದು ಯಾವ ಬಣ್ಣದ ಅಂಗಿಯವರು?" ಎಂದು ಕೇಳುವಂತಾದರೆ ಅದು ಮನೆಗೂ ಒಳ್ಳೆಯದು, ಆಟಕ್ಕೂ ಒಳ್ಳೆಯದು. ಹುಡುಗರ ಯೋಜನೆಯಲ್ಲಿ ನಮಗೆ ಮೆಚ್ಚುಗೆಯಾದ ಅಂಶ ಇದೇ.

ಆದರೆ ನಮ್ಮ ಭಾಷೆ ಒಂದು ಎಚ್ಚರಿಕೆಯನ್ನು ಹಿಂದೆಯೇ ಕೊಟ್ಟಿದೆ. ಪಂದ್ಯವೆಂದರೆ ಆಟವೂ ಹೌದು, ಪಣವೂ ಹೌದು. ಪಂದ್ಯ ಆಡುವುದಕ್ಕೂ ಪಂದ್ಯ ಕಟ್ಟುವುದಕ್ಕೂ ನಡುವೆ ಇರುವುದು ಒಂದೇ ಹೆಜ್ಜೆ. ದುಡ್ಡು ಕೊಟ್ಟು ಊಹಿಸಿ, ಊಹೆ ಫಲಿಸಿದರೆ ಇತರರು ಕೊಟ್ಟ ದುಡ್ಡನ್ನು ಪಡೆಯುವುದು ಎಂದಾದರೆ ಆ ಹೆಜ್ಜೆ ದಾಟಿದಂತೆಯೇ. ಮೊತ್ತ ಸಣ್ಣದು, ಉದ್ದೇಶ ಒಳ್ಳೆಯದು ಎಂದ ಮಾತ್ರಕ್ಕೆ ಅದರ ಜಾತಿ ಬದಲಾಗುವುದಿಲ್ಲ. ಕೋಳಿ ಅಂಕದ ಕಟ್ಟಕ್ಕೂ ಜಾತ್ರೆಯ ನೆಪ ಇದ್ದೇ ಇತ್ತು.

ಬೇರೆಡೆ ಏನಾಯಿತು?

ಈ ಬಗೆಯ ಸ್ಪರ್ಧೆಯ ತವರು ಇಂಗ್ಲೆಂಡ್. ಅಲ್ಲಿ 1923ರಲ್ಲಿ ಜಾನ್ ಮೂರ್ಸ್ ಎಂಬ ಯುವಕ ತನ್ನಿಬ್ಬರು ಗೆಳೆಯರೊಂದಿಗೆ ಲಿವರ್‌ಪೂಲಿನಲ್ಲಿ ಲಿಟಲ್‌ವುಡ್ಸ್ ಎಂಬ ಹೆಸರಿನಲ್ಲಿ ಊಹೆಯ ಕೂಪನ್ ಆರಂಭಿಸಿದರು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೈದಾನದ ಹೊರಗೆ ಹಂಚಿದ 4,000 ಕೂಪನುಗಳಲ್ಲಿ ಮರಳಿ ಬಂದದ್ದು 35 ಮಾತ್ರ. ಆದರೂ ಛಲ ಬಿಡದೆ ನಡೆಸಿ ಆತ ಬ್ರಿಟನ್ನಿನ ದೊಡ್ಡ ಶ್ರೀಮಂತರಲ್ಲೊಬ್ಬರಾದರು. ವಾರವಾರವೂ ಲಕ್ಷಾಂತರ ಕಾರ್ಮಿಕ ಕುಟುಂಬಗಳು ಕೂಪನ್ ತುಂಬಿದವು. ಫುಟ್‌ಬಾಲ್ ಲೀಗಿನವರು ಮೊದಲು ಇದನ್ನು ವಿರೋಧಿಸಿದರು. 1959ರಲ್ಲಿ ಪಂದ್ಯಗಳ ವೇಳಾಪಟ್ಟಿಯ ಹಕ್ಕು ಲೀಗಿನದೆಂದು ನ್ಯಾಯಾಲಯ ಹೇಳಿದ ಮೇಲೆ ಕೂಪನಿನ ಕಂಪೆನಿಗಳು ಅದಕ್ಕೆ ಹಣ ತೆರಬೇಕಾಯಿತು. 1989ರ ಹಿಲ್ಸ್‌ಬರೋ ದುರಂತದ ಬಳಿಕ ಮೈದಾನಗಳನ್ನು ದುರಸ್ತಿ ಮಾಡುವುದಕ್ಕೂ ಈ ಮೂಲದ ಹಣ ಬಂತು. ಇದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1994ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಲಾಟರಿ ಶುರುವಾಯಿತು. ಬಹುಮಾನ ದೊಡ್ಡದು, ತಲೆ ಖರ್ಚು ಮಾಡಬೇಕಾಗಿಲ್ಲ. ಎಪ್ಪತ್ತು ವರ್ಷ ಕೂಪನ್ ತುಂಬಿದ ಜನ ಅತ್ತ ಹೊರಟರು, ಕೂಪನಿನ ವ್ಯವಹಾರ ಕೆಲವೇ ವರ್ಷಗಳಲ್ಲಿ ಸೊರಗಿತು. ಇದರಲ್ಲಿ ನಮ್ಮ ಹುಡುಗರಿಗೊಂದು ಪಾಠವಿದೆ. ಬಹುಮಾನಕ್ಕಾಗಿ ಬಂದ ದುಡ್ಡು ಹೆಚ್ಚಿನ ಬಹುಮಾನ ಕಂಡ ಕಡೆಗೆ ಹೋಗಿಯೇ ಹೋಗುತ್ತದೆ. ಕ್ಲಬ್ಬಿಗಾಗಿ ಬಂದ ದುಡ್ಡು ಮಾತ್ರ ಕ್ಲಬ್ಬಿನಲ್ಲಿ ನಿಲ್ಲುತ್ತದೆ.

ನಮ್ಮ ರಾಜ್ಯದಲ್ಲೇ ಹಳೆಯ ಉದಾಹರಣೆಯೊಂದಿದೆ. ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಚಾಮರ್‌ಬಾಗ್‌ವಾಲಾ ಎಂಬವರ ಕಂಪೆನಿ ಬಹುಮಾನದ ಪದಬಂಧ ನಡೆಸುತ್ತಿತ್ತು. ಪ್ರವೇಶ ಶುಲ್ಕ ಬೊಂಬಾಯಿ ರಾಜ್ಯದಿಂದಲೂ ಹರಿದು ಬರುತ್ತಿತ್ತು. ಬೊಂಬಾಯಿ ಸರಕಾರ 1952ರಲ್ಲಿ ಕಾನೂನು ತಿದ್ದಿ ತೆರಿಗೆ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರ ಪೀಠ ತೀರ್ಪು ಕೊಟ್ಟಿತು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂಬುದು ಅದರ ಸಾರ. ಪದಬಂಧ ಬಿಡಿಸುವುದಕ್ಕೆ ಬುದ್ಧಿ ಬೇಕು ನಿಜ; ಆದರೆ ಸಂಘಟಕರು ಮೊದಲೇ ಇಟ್ಟುಕೊಂಡ ಉತ್ತರಕ್ಕೆ ನಮ್ಮದು ಹೊಂದಿದರೆ ಮಾತ್ರ ಬಹುಮಾನ ಎಂದಾಗ ಬುದ್ಧಿಗಿಂತ ಅದೃಷ್ಟ ಮೇಲಾಗುತ್ತದೆ. ಅಂಥ ಪದಬಂಧ ಮಾದರಿಯ ಸ್ಪರ್ಧೆಗಳಿಗೆ 1955ರ ಕೇಂದ್ರ ಕಾಯ್ದೆ ತಿಂಗಳಿಗೆ ಒಟ್ಟು 1,000 ರೂಪಾಯಿ ಬಹುಮಾನ, ಸ್ಪರ್ಧೆಯೊಂದಕ್ಕೆ 2,000 ಪ್ರವೇಶ ಎಂಬ ಮಿತಿಯನ್ನು ಹಾಕಿತು.

ಇನ್ನು ಲಾಟರಿಯ ಕಥೆ ಹಿರಿಯ ಸದಸ್ಯರಿಗೆ ಹೇಳಬೇಕಾಗಿಲ್ಲ. ಒಂದಂಕಿ ಲಾಟರಿಯ ಕಾಲದಲ್ಲಿ ಸಂಜೆ ಕೂಲಿ ಎಣಿಸಿಕೊಂಡ ಕೈ ಮನೆ ತಲಪುವ ಮೊದಲೇ ಖಾಲಿಯಾಗುತ್ತಿತ್ತು. 1998ರ ಕೇಂದ್ರ ಕಾಯ್ದೆ ಒಂದಂಕಿಯನ್ನು ನಿಷೇಧಿಸಿತು. 2007ರಲ್ಲಿ ಕರ್ನಾಟಕ ಸರಕಾರ ಲಾಟರಿಯನ್ನೇ ನಿಲ್ಲಿಸಿತು. ಅದರಿಂದ ಉಸಿರು ಬಿಟ್ಟ ಮನೆಗಳು ನಮ್ಮ ಸದಸ್ಯರ ಮನೆಗಳೂ ಹೌದು, ಸದಸ್ಯರ ತೋಟದಲ್ಲಿ ದುಡಿಯುವವರ ಮನೆಗಳೂ ಹೌದು.

ಕಾನೂನು ಏನು ಹೇಳುತ್ತದೆ?

ನಾವು ವಕೀಲರಲ್ಲ. ಆದರೆ ಸಂಘದ ಮೊಹರು ಕೈಯಲ್ಲಿರುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಪಣದ ಕರಾರು ಊರ್ಜಿತವಲ್ಲವೆಂದು 1872ರ ಕರಾರು ಕಾಯ್ದೆಯ 30ನೆಯ ಕಲಂ ಹೇಳುತ್ತದೆ. ಗೆದ್ದವನಿಗೆ ಬಹುಮಾನ ಸಿಗದಿದ್ದರೆ ಅವನು ಕೋರ್ಟಿಗೆ ಹೋಗುವಂತಿಲ್ಲ; ನೇರವಾಗಿ ಸಂಘದ ಕಚೇರಿಗೇ ಬರುತ್ತಾನೆ. ಸರಕಾರದ್ದಲ್ಲದ ಲಾಟರಿಗೆ ಕಚೇರಿ ತೆರೆದವರಿಗೆ ಆರು ತಿಂಗಳವರೆಗೆ ಸಜೆಯಾಗಬಹುದೆಂದು ಹಿಂದಿನ ದಂಡ ಸಂಹಿತೆಯ 294-ಎ ಕಲಂ ಹೇಳುತ್ತಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಂ ಅದನ್ನೇ ಮುಂದುವರಿಸಿದೆ. ಸಮಾನ ಅಂಕ ಬಂದವರಲ್ಲಿ ಚೀಟಿ ಎತ್ತಿ ಬಹುಮಾನ ಕೊಡುತ್ತೇವೆಂದು ಹುಡುಗರ ಅರ್ಜಿಯಲ್ಲಿದೆ. ದುಡ್ಡು ಪಡೆದು ಚೀಟಿ ಎತ್ತಿದರೆ ಅದಕ್ಕೂ ಲಾಟರಿಗೂ ವ್ಯತ್ಯಾಸ ತೋರಿಸುವುದು ಕಷ್ಟ.

"ಕೂಪನ್ ಬೇಡ, ಮೊಬೈಲಿನಲ್ಲೇ ನಡೆಸೋಣ" ಎಂದು ಕೆಲವರು ಸೂಚಿಸಿದ್ದಾರಂತೆ. ಅದು ಇನ್ನೂ ಅಪಾಯ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಆಟಗಳ ಕಾಯ್ದೆ ಜಾಣ್ಮೆಯ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಬದಿಗಿಟ್ಟಿದೆ. ಶುಲ್ಕ ಕೊಟ್ಟು ಗೆಲುವಿನ ಹಣ ನಿರೀಕ್ಷಿಸುವ ಆನ್‌ಲೈನ್ ಆಟ ನಡೆಸಿದವರಿಗೆ ಅದರಲ್ಲಿ ಮೂರು ವರ್ಷದವರೆಗೆ ಸಜೆ, ಒಂದು ಕೋಟಿಯವರೆಗೆ ದಂಡ ಹೇಳಿದೆ. ಕೋಟಿಗಟ್ಟಲೆ ಬಂಡವಾಳದ ಕಂಪೆನಿಗಳೇ ಆ ಕಾಯ್ದೆ ಬಂದೊಡನೆ ಹಣದ ಆಟ ನಿಲ್ಲಿಸಿದವು. ಚೆಂಡು ಕೊಳ್ಳಲು ಹೊರಟ ಹುಡುಗರನ್ನು ನಾವು ಅದರ ಬಾಯಿಗೆ ತಳ್ಳಬಾರದು.

ಕಾನೂನಿಗಿಂತ ದೊಡ್ಡ ಕಾರಣ

ಕಾನೂನೇ ಇಲ್ಲದಿದ್ದರೂ ನಮ್ಮ ಆಕ್ಷೇಪ ಉಳಿಯುತ್ತಿತ್ತು. ಕ್ರಿಕೆಟಿನ ಋತುವಿನಲ್ಲಿ ಮೊಬೈಲಿನಲ್ಲಿ ಪಣ ಕಟ್ಟಿ ಸಾಲ ಮಾಡಿಕೊಂಡ ಯುವಕರ ವಿಷಯ ನಮ್ಮ ಊರುಗಳಲ್ಲಿ ಗುಟ್ಟಾಗಿ ಉಳಿದಿಲ್ಲ. ತಂದೆಯ ಹೆಸರಿನ ಬೆಳೆ ಸಾಲ ಮಗನ ಫೋನಿನಲ್ಲಿ ಕರಗಿದ್ದು, ಮನೆಯ ಹೆಂಗಸರ ಕರಿಮಣಿ ಅಡವಿಗೆ ಹೋದದ್ದು ಕೇಳಿದ್ದೇವೆ. ಅವರಲ್ಲಿ ಯಾರೂ ಲಕ್ಷದಿಂದ ಶುರು ಮಾಡಿದವರಲ್ಲ. 20 ರೂಪಾಯಿಯಿಂದಲೇ ಶುರು ಮಾಡಿದವರು. ಹದಿನಾಲ್ಕರ ಹುಡುಗನ ಕೈಯಲ್ಲಿ ಕೂಪನ್ ಪುಸ್ತಕ ಕೊಟ್ಟು "ಮನೆಮನೆಗೆ ಹೋಗಿ ಮಾರಿ ಬಾ" ಎಂದರೆ ನಾವು ಅವನಿಗೆ ಕಲಿಸುವುದು ಫುಟ್‌ಬಾಲನ್ನಲ್ಲ. ಗಿಡವಾಗಿ ಬಗ್ಗಿದ ಕಡೆಗೇ ಮರವಾಗಿಯೂ ಬಗ್ಗುವುದು.

ಎರಡನೆಯದು ಲೆಕ್ಕದ ಮಾತು. ಉದಾಹರಣೆಗೆ 500 ಕೂಪನ್ ಖರ್ಚಾಯಿತೆಂದು ಇಟ್ಟುಕೊಳ್ಳಿ. 20ರಂತೆ 10,000 ರೂಪಾಯಿ. ಜನ ಕೊಳ್ಳಬೇಕಾದರೆ ಬಹುಮಾನ ಕಣ್ಣಿಗೆ ಕಾಣಬೇಕು. ಮೂರು ಬಹುಮಾನಗಳಿಗೆ 5,000 ಹೋಯಿತು. ಅಚ್ಚು, ಓಡಾಟ ಎಂದು 800. ಉಳಿದದ್ದು 4,200. ಅಂದರೆ ಊರವರು ಕೊಟ್ಟ ಪ್ರತಿ ರೂಪಾಯಿಯಲ್ಲಿ ಹುಡುಗರ ಕಾಲಿಗೆ ತಲಪಿದ್ದು 42 ಪೈಸೆ. ಅದೇ 500 ಮನೆಗಳು ರಶೀದಿ ಪಡೆದು 20 ರೂಪಾಯಿ ಕೊಟ್ಟರೆ, ರಶೀದಿ ಪುಸ್ತಕದ ಖರ್ಚು ಕಳೆದು ಉಳಿದದ್ದೆಲ್ಲವೂ ಚೆಂಡಿಗೇ. ಕೆ.ಜಿ.ಗೆ ಎರಡು ರೂಪಾಯಿ ವ್ಯತ್ಯಾಸಕ್ಕಾಗಿ ಅಡಿಕೆಯನ್ನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೊರುವ ನಾವು ಈ ಲೆಕ್ಕವನ್ನು ನೋಡದಿರುವುದು ಹೇಗೆ?

ಮೂರನೆಯದು ಸಂಘದ ಹೆಸರು. 1973ರ ಜುಲೈ 11ರಂದು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಏತಕ್ಕೆ? ಧಾರಣೆ ಕುಸಿದು, ಬೆಳೆಗಾರನ ವರ್ಷದ ದುಡಿಮೆ ಇತರರ ಊಹಾಪೋಹದ ಆಟವಾಗಿದ್ದಾಗ, ಆ ಆಟದಿಂದ ಅವನನ್ನು ಬಿಡಿಸುವುದಕ್ಕೆ. ಸಹಕಾರ ತತ್ವದ ಬೇರೇ ಅದು. ಒಬ್ಬನ ನಷ್ಟ ಇನ್ನೊಬ್ಬನ ಲಾಭವಾಗಬಾರದು, ನಷ್ಟವನ್ನೂ ಲಾಭವನ್ನೂ ಹಂಚಿಕೊಳ್ಳಬೇಕು. ಪಣದ ತತ್ವ ಅದಕ್ಕೆ ನೇರ ವಿರುದ್ಧ. ಚಾಲಿ, ಪಟೋರ, ಕರಿಗೋಟು ಎಂದು ವಿಂಗಡಿಸಿ ತೂಗುವ ಕಟ್ಟೆಯಲ್ಲಿ ಕೂಪನನ್ನೂ ಇಟ್ಟರೆ ಸದಸ್ಯ ಅದನ್ನು ಸಂಘದ್ದೇ ಎಂದು ತಿಳಿಯುತ್ತಾನೆ. ಬಿಲ್ಲಿನಿಂದ ಮುರಿದರಂತೂ ಮುಗಿಯಿತು. ಕಾರ್ಯದರ್ಶಿಯ ಮುಖ ನೋಡಿ ಬೇಡವೆನ್ನಲಾಗದೆ ಕೊಟ್ಟ ಹಣ ದಾನವೂ ಅಲ್ಲ, ಆಟವೂ ಅಲ್ಲ, ಅದೊಂದು ಬಗೆಯ ತೆರಿಗೆ.

ನಮ್ಮ ಸಲಹೆ

ಹಾಗೆಂದು ಅರ್ಜಿಯನ್ನು ತಿರಸ್ಕರಿಸಿ ಕೈತೊಳೆದುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಊಹೆಯ ಸಂತೋಷ ಉಳಿಯಲಿ, ಪಣ ಹೋಗಲಿ, ಹುಡುಗರಿಗೆ ಹಣವೂ ಬರಲಿ. ಅದಕ್ಕೆ ಈ ಕ್ರಮವನ್ನು ಸೂಚಿಸುತ್ತೇವೆ:

1. ಊಹೆಯ ಚೀಟಿ ಸಂಪೂರ್ಣ ಉಚಿತವಾಗಿರಲಿ. ಮನೆಗೊಂದು ಚೀಟಿ. ದೇಣಿಗೆ ಕೊಟ್ಟವರಿಗೂ ಕೊಡದವರಿಗೂ ಒಂದೇ ಚೀಟಿ.

2. ದೇಣಿಗೆಗೆ ಬೇರೆಯೇ ರಶೀದಿ ಪುಸ್ತಕವಿರಲಿ. ಊಹೆಗೂ ಅದಕ್ಕೂ ಸಂಬಂಧ ಬೇಡ.

3. ಬಹುಮಾನ ನಗದಾಗಿರಬಾರದು, ದೇಣಿಗೆಯ ಹಣದಿಂದಲೂ ಬೇಡ. ಐದು ಕಾಫಿ ಗಿಡ, ಒಂದು ಕಟ್ಟು ಮೆಣಸಿನ ಬಳ್ಳಿ, ಎರಡು ಕೆ.ಜಿ. ಕಾಫಿಪುಡಿ, ಒಂದು ಗೊನೆ ಬಾಳೆ – ಇಂಥದ್ದನ್ನು ಕೊಡುವ ಬೆಳೆಗಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

4. ಎಂಟು ಪಂದ್ಯಗಳ ಊಹೆ ಸಾಕು. ಗೆಲುವು, ಸೋಲು, ಸಮ ಎಂದು ಮೂರು ಬಗೆ ಹಿಡಿದರೆ ಅದಕ್ಕೇ 6,561 ಬಗೆಯ ಉತ್ತರಗಳಾಗುತ್ತವೆ. ಆದರೂ ಇಬ್ಬರು ಸಮವಾದರೆ ಬಹುಮಾನ ಹಂಚಿಕೊಳ್ಳಲಿ, ಚೀಟಿ ಎತ್ತುವುದು ಬೇಡ.

5. ಮೊದಲ ಪಂದ್ಯದ ಹಿಂದಿನ ಸಂಜೆ ಪೆಟ್ಟಿಗೆಗೆ ಬೀಗ ಹಾಕಿ, ಇಬ್ಬರು ಸದಸ್ಯರ ಸಹಿಯೊಂದಿಗೆ ಮೊಹರು ಮಾಡಬೇಕು.

6. ಹದಿನೆಂಟು ತುಂಬದ ಹುಡುಗರು ಹಣ ಮುಟ್ಟಬಾರದು. ಸಂಗ್ರಹ ಹಿರಿಯರದ್ದು, ಆಟ ಹುಡುಗರದ್ದು.

7. ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂಬ ಲೆಕ್ಕ ಪಂದ್ಯಾಟ ಮುಗಿದ ಹದಿನೈದು ದಿನದೊಳಗೆ ಸಂಘದ ಸೂಚನಾ ಫಲಕದಲ್ಲಿ ಅಂಟಿಸಲ್ಪಡಬೇಕು.

8. ಅಡಿಕೆ ಬಿಲ್ಲಿನಿಂದ ಒಂದು ಪೈಸೆಯನ್ನೂ ಮುರಿಯತಕ್ಕದ್ದಲ್ಲ.

ಇವನ್ನು ಒಪ್ಪಿದರೆ ಪೆಟ್ಟಿಗೆಯಿಡಲು ಸಂಘದ ಜಗಲಿ ಕೊಡಬಹುದೆಂದು ಮಂಡಳಿಗೆ ನಾವು ಶಿಫಾರಸು ಮಾಡುತ್ತೇವೆ. ಜೊತೆಗೆ ಕ್ಲಬ್ಬು 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಣಿ ಮಾಡಿಸಿಕೊಂಡು ಬ್ಯಾಂಕಿನಲ್ಲಿ ತನ್ನದೇ ಖಾತೆ ತೆರೆಯಲಿ. ಆಗ ನಮ್ಮ ಸಂಘದ ಲಾಭಾಂಶದಲ್ಲಿ ಸಾರ್ವಜನಿಕ ಹಿತಕ್ಕೆ ಮೀಸಲಿಡುವ ಮೊಬಲಗಿನಿಂದಲೂ ಮಹಾಸಭೆಯ ಒಪ್ಪಿಗೆ ಪಡೆದು ಸಹಾಯ ನೀಡುವ ಬಗ್ಗೆ ಯೋಚಿಸಬಹುದು.

"ಬಹುಮಾನದ ಆಸೆಯಿಲ್ಲದೆ ಯಾರು ಕೊಡುತ್ತಾರೆ?" ಎಂದು ಹುಡುಗರ ಪರವಾಗಿ ವಾದಿಸುವ ಮಿತ್ರರು ಕೇಳುತ್ತಾರೆ. ಈ ಪ್ರಶ್ನೆ ನಮ್ಮೂರಿನವರ ಮೇಲೆ ಅನ್ಯಾಯದ ಆರೋಪ. ಭಜನಾ ಮಂದಿರಕ್ಕೆ, ಶಾಲೆಯ ಬಿಸಿಯೂಟದ ಕೋಣೆಗೆ, ಮೊಸರುಕುಡಿಕೆಯ ಆಟಕ್ಕೆ, ಯಕ್ಷಗಾನದ ಬಯಲಾಟಕ್ಕೆ ಕೊಟ್ಟವರು ಯಾವ ಬಹುಮಾನ ನೋಡಿ ಕೊಟ್ಟರು? ತಮ್ಮ ಹಣ ಎಲ್ಲಿ ಹೋಯಿತೆಂದು ಕಣ್ಣಿಗೆ ಕಂಡಾಗ ಜನ ಮತ್ತೆ ಕೊಡುತ್ತಾರೆ. ಕಾಣದಾಗ ಕೈ ಹಿಂದೆಗೆಯುತ್ತಾರೆ, ಅಷ್ಟೆ.

ಘಟ್ಟದ ಮೇಲಿನ ಕಾಫಿ ನಾಡಿನ ಒಂದು ನಿದರ್ಶನ ಸಾಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಆರಂಭಿಸಿದಾಗ ಆಡಿದ್ದು 60 ಮನೆತನಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದಾಗ 360 ತಂಡಗಳಿದ್ದವು. ಪ್ರತಿಸಲ ಒಂದು ಮನೆತನ ಹೊಣೆ ಹೊರುತ್ತದೆ, ಎಲ್ಲರೂ ಹೆಗಲು ಕೊಡುತ್ತಾರೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಅದನ್ನು ಬೆಳೆಸಿದ್ದು ಕೂಪನಲ್ಲ, "ಇದು ನಮ್ಮ ಮನೆಯ ತಂಡ" ಎಂಬ ಅಭಿಮಾನ.

2026ರ ವಿಶ್ವಕಪ್ಪಿನ ಅವಧಿ ಜೂನ್ 11ರಿಂದ ಜುಲೈ 19. 48 ತಂಡಗಳು, 104 ಪಂದ್ಯಗಳು. ನಮ್ಮಲ್ಲಿ ಅದು ಕಾರ್ತೆಲಿನ ಮಳೆ, ಕೊಳೆರೋಗದ ಮದ್ದು, ಮರ ಹತ್ತುವವರನ್ನು ಹುಡುಕುವ ಕಾಲ. ಆದರೆ ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ; ನಮ್ಮ ಗುಡ್ಡೆಯ ಮೈದಾನದಲ್ಲಿ ಹುಡುಗರ ಆಟ ಪ್ರತಿದಿನ ಸಂಜೆ. ದೂರದ ದೇಶದ ತಂಡ ಗೆಲ್ಲುವುದೋ ಸೋಲುವುದೋ ಎಂದು ಊಹಿಸುವ ನಾವು, ಒಂದು ಸಂಜೆ ಆ ಗುಡ್ಡೆ ಹತ್ತಿ ಈ ಹುಡುಗರ ಆಟವನ್ನೂ ನೋಡಬೇಕು. ನೋಡಿದವರು ಚೆಂಡಿಗೆ ಹಣ ಕೊಡದೆ ಇಳಿದು ಬರಲಾರರೆಂಬ ಭರವಸೆ ನಮಗಿದೆ.

ಸದಸ್ಯರು ತಮ್ಮ ಅಭಿಪ್ರಾಯವನ್ನು ಮುಂದಿನ ಮಂಡಳಿ ಸಭೆಗೆ ಮೊದಲು ಲಿಖಿತವಾಗಿ ಕಚೇರಿಗೆ ತಲಪಿಸಬೇಕಾಗಿ ವಿನಂತಿ. ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾದುದನ್ನೂ ಸಭೆಯಲ್ಲಿ ಓದಲಾಗುವುದು.

– ಕಾರ್ಯದರ್ಶಿ